ಶುಲ್ಕ ಇಂದು, ವಿದ್ಯಾರ್ಥಿವೇತನ ಎಂದೋ: ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು, ಪ್ರವರ್ಗ 2ಎಗೆ ಸೇರಿದವಳು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸೀಟು ಸಿಕ್ಕಿ, ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಅಪ್ಪನಿಗೆ ಎರಡು ಎಕರೆ ಹೊಲವಿದೆ, ಮೆಕ್ಕೆಜೋಳ ಹಾಕುತ್ತಾರೆ. ಮೊದಲ ವರ್ಷದ ಶುಲ್ಕಕ್ಕೆ ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಒಂದು ಲಕ್ಷ ಕೈಸಾಲ ಮಾಡಿದೆವು. ಕಳೆದ ವರ್ಷದ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ. ಹಾಸ್ಟೆಲ್ ಬಾಕಿ ತೀರಿಸದಿದ್ದರೆ ಹಾಲ್ ಟಿಕೆಟ್ ಕೊಡುವುದಿಲ್ಲ ಎನ್ನುತ್ತಿದ್ದಾರೆ. ರಾತ್ರಿ ಹೋಮ್ ನರ್ಸ್ ಕೆಲಸಕ್ಕೆ ಹೋದರೆ ದಿನಕ್ಕೆ 600 ರೂಪಾಯಿ ಸಿಗುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಒಂದು ಆಸ್ಪತ್ರೆಯವರು ಉಳಿದ ಓದಿಗೆ 2 ಲಕ್ಷ ಕೊಡುತ್ತೇವೆ, ಮೂಲ ಅಂಕಪಟ್ಟಿ ನಮ್ಮಲ್ಲಿರಲಿ, ಓದು ಮುಗಿದ ಮೇಲೆ ಮೂರು ವರ್ಷ 14,000 ರೂಪಾಯಿ ಸಂಬಳಕ್ಕೆ ಕೆಲಸ ಮಾಡಬೇಕು ಎನ್ನುತ್ತಿದ್ದಾರೆ. ಪಿಯುಸಿಯಲ್ಲಿರುವ ತಂಗಿಗೂ ನರ್ಸಿಂಗ್ ಆಸೆಯಿದೆ. ನಾನು ಓದು ಬಿಟ್ಟು ದುಡಿಯುವುದು ಸರಿಯೇ?

ಉತ್ತರ: ಓದು ಬಿಡಬೇಡಿ. ಈ ಮಾತನ್ನು ನಿಮಗೆ ಧೈರ್ಯ ತುಂಬಲಿಕ್ಕಾಗಿಯಷ್ಟೇ ಹೇಳುತ್ತಿಲ್ಲ, ನೀವು ಕೊಟ್ಟಿರುವ ಅಂಕಿಗಳನ್ನು ಲೆಕ್ಕ ಹಾಕಿ ನೋಡಿದ ಮೇಲೆ ಹೇಳುತ್ತಿದ್ದೇನೆ. ನರ್ಸಿಂಗ್ ಬೋಧಕಿಯಾಗಿದ್ದ ವರ್ಷಗಳಲ್ಲಿ ನಾನು ಕಂಡಂತೆ, ಹಣದ ಕಾರಣಕ್ಕೆ ಓದು ಬಿಟ್ಟ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರ ಮನೆಯಲ್ಲಿ ನಾಲ್ಕು ವರ್ಷಕ್ಕೆ ಬೇಕಾದ ಒಟ್ಟು ಮೊತ್ತ ಹೇಗೋ ಒದಗುವಂತಿತ್ತು. ಅದು ಬೇಕಾದ ತಿಂಗಳಲ್ಲಿ ಮಾತ್ರ ಒದಗುತ್ತಿರಲಿಲ್ಲ. ಶುಲ್ಕವನ್ನು ವರ್ಷದ ಆರಂಭದಲ್ಲೇ ಕೇಳುತ್ತಾರೆ, ವಿದ್ಯಾರ್ಥಿವೇತನ ವರ್ಷ ಕಳೆದರೂ ಬರುವುದಿಲ್ಲ, ಮೆಕ್ಕೆಜೋಳದ ದುಡ್ಡು ಅಕ್ಟೋಬರ್, ನವೆಂಬರ್ ಕಳೆಯದೆ ಕೈಗೆ ಹತ್ತುವುದಿಲ್ಲ. ಈ ಮಧ್ಯದ ಬಿಡುವನ್ನು ನೂರಕ್ಕೆ ಮೂರರ ಬಡ್ಡಿ ತುಂಬುತ್ತಿದೆ. ನೀವು ಮೊದಲು ಕೈ ಹಾಕಬೇಕಾದದ್ದು ಅಲ್ಲಿಗೇ.

ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇಕಡಾ 36. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಬಡ್ಡಿಯೊಂದೇ ಆಯಿತು, ಅಸಲು ಹಾಗೆಯೇ ನಿಂತಿರುತ್ತದೆ. ಅದೇ ಮೊತ್ತಕ್ಕೆ ಶೇಕಡಾ 10ರ ದರದ ಬ್ಯಾಂಕ್ ಶಿಕ್ಷಣ ಸಾಲವಾದರೆ ವರ್ಷದ ಬಡ್ಡಿ 10,000 ರೂಪಾಯಿ. ಸರ್ಕಾರದ ‘ಅರಿವು’ ಸಾಲವಾದರೆ ಶೇಕಡಾ 2ರಂತೆ 2,000 ರೂಪಾಯಿ. ನಿಮ್ಮ ಮನೆಯವರು ಬಡ್ಡಿಗೆಂದು ತೆಗೆದಿಡುತ್ತಿರುವ ಹಣದಲ್ಲಿ ನಿಮ್ಮ ಹಲವು ತಿಂಗಳ ಊಟದ ಖರ್ಚು ಕಳೆಯುತ್ತಿತ್ತು ಎಂಬುದನ್ನು ಅಪ್ಪನ ಎದುರು ಕಾಗದದ ಮೇಲೆ ಬರೆದು ತೋರಿಸಿ. ಬ್ಯಾಂಕಿನ ಸಾಲವೆಂದರೆ ಹೆದರಿ, ಪರಿಚಯದವರ ಕೈಸಾಲವೆಂದರೆ ನಿರಾಳರಾಗುವ ತಂದೆತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ಅವರ ಪರವಾಗಿಲ್ಲ.

ಈಗ ರಾತ್ರಿ ಕೆಲಸದ ವಿಚಾರ. ಬೇರೆ ಪದವಿ ಓದುವ ಹುಡುಗಿಯೊಬ್ಬಳು ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆದು ತನ್ನ ಖರ್ಚು ತಾನೇ ನೋಡಿಕೊಳ್ಳಬಹುದು. ನರ್ಸಿಂಗ್ ವಿದ್ಯಾರ್ಥಿನಿಗೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಪಾಠ ಮತ್ತು ಪ್ರಾಯೋಗಿಕ ಎರಡರಲ್ಲೂ ಶೇಕಡಾ 80 ಹಾಜರಾತಿ ಬೇಕು. ಪದವಿ ಕೈಗೆ ಸಿಗುವ ಮೊದಲು ಪ್ರತಿಯೊಂದು ಕ್ಲಿನಿಕಲ್ ವಿಭಾಗದಲ್ಲೂ ಹಾಜರಾತಿ ಶೇಕಡಾ 100 ಆಗಿರಲೇಬೇಕು. ಅಂದರೆ ಜ್ವರ ಬಂದು ತಪ್ಪಿಸಿಕೊಂಡ ಒಂದು ವಾರ್ಡ್ ಡ್ಯೂಟಿಯನ್ನೂ ಮುಂದೆ ಯಾವಾಗಲಾದರೂ, ಅನೇಕ ಸಲ ರಜೆಯಲ್ಲಿ ಹಾಸ್ಟೆಲ್ ಖರ್ಚು ಹಾಕಿಕೊಂಡು, ತುಂಬಿಕೊಡಬೇಕಾಗುತ್ತದೆ. 2021ರಲ್ಲಿ ಪರಿಷ್ಕರಿಸಿ ಸೆಮಿಸ್ಟರ್ ಪದ್ಧತಿಗೆ ತಂದ ಪಠ್ಯಕ್ರಮದಲ್ಲಿ ಎಂಟನೇ ಸೆಮಿಸ್ಟರ್ ಬಹುಪಾಲು ಆಸ್ಪತ್ರೆಯ ಇಂಟರ್ನ್‌ಷಿಪ್ಪೇ; ವಾರಕ್ಕೆ 48 ಗಂಟೆ. ಪೂರ್ಣಾವಧಿ ನೌಕರರಷ್ಟು ದುಡಿಮೆ ಇದ್ದೂ ಕೈಗೆ ಸಂಬಳವಿಲ್ಲದ, ಬದಲಿಗೆ ಶುಲ್ಕ ಕಟ್ಟಿಯೇ ಆ ದುಡಿಮೆ ಕಲಿಯಬೇಕಾದ ಓದು ಇದು. ಇದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಸರ್ಕಾರಿ ಶುಶ್ರೂಷಾ ಶಾಲೆಗಳಲ್ಲಿ ಶಿಷ್ಯವೇತನ ಪಡೆದು ಓದಿದ ಹಳೆಯ ಪೀಳಿಗೆಯ ಸಿಸ್ಟರುಗಳನ್ನು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಹೀಗಿರುವಾಗ ಬೆಳಗ್ಗೆ ಏಳಕ್ಕೆ ವಾರ್ಡಿಗೆ ಹೋಗಬೇಕಾದವರು ರಾತ್ರಿಯಿಡೀ ಹಾಸಿಗೆ ಹಿಡಿದ ವೃದ್ಧರೊಬ್ಬರ ಪಕ್ಕದಲ್ಲಿ ಎಚ್ಚರವಿದ್ದು ಬಂದರೆ, ಆ ಬೆಳಗ್ಗೆ ಅಪಾಯ ಎದುರಿಸುವವರು ವಾರ್ಡಿನ ರೋಗಿಗಳು. ಇನ್‌ಸುಲಿನ್ ಪ್ರಮಾಣದಲ್ಲಿ ಒಂದು ಅಂಕಿ ತಪ್ಪಾಗಲು ಎರಡು ರಾತ್ರಿಯ ನಿದ್ರೆ ಕೆಟ್ಟರೆ ಸಾಕು. ಇನ್ನೊಂದು ತೊಡಕೂ ಇದೆ. ಹೋಮ್ ನರ್ಸ್ ಏಜೆನ್ಸಿಯವರು ನಿಮ್ಮನ್ನು ರೋಗಿಯ ಮನೆಯವರಿಗೆ ‘ಸ್ಟಾಫ್ ನರ್ಸ್’ ಎಂದೇ ಪರಿಚಯಿಸುತ್ತಾರೆ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನಿಮ್ಮ ಹೆಸರು ಇನ್ನೂ ನೋಂದಣಿಯಾಗಿಲ್ಲ. ಆ ಮನೆಯಲ್ಲಿ ಏನಾದರೂ ಅನಾಹುತವಾದರೆ ಏಜೆನ್ಸಿ ನಿಮ್ಮ ಜೊತೆ ನಿಲ್ಲುವುದಿಲ್ಲ, ಅದರ ಕಲೆ ಮುಂದೆ ನಿಮ್ಮ ನೋಂದಣಿಯವರೆಗೂ ಬರಬಹುದು. ದುಡಿಯಲೇಬೇಕೆಂದಿದ್ದರೆ ಸೆಮಿಸ್ಟರ್ ರಜೆಯಲ್ಲಿ, ಊರಿನ ಮಕ್ಕಳಿಗೆ ವಿಜ್ಞಾನ ಪಾಠ ಹೇಳುವಂಥ, ಸುಳ್ಳು ಹೆಸರು ಹೊರಬೇಕಿಲ್ಲದ ಕೆಲಸ ಮಾಡಿ.

ಆಸ್ಪತ್ರೆಯ ಕರಾರು ಮೇಲ್ನೋಟಕ್ಕೆ ಉಪಕಾರದಂತೆ ಕಾಣುವುದರಿಂದ ಅದನ್ನು ನಿಧಾನವಾಗಿ ಬಿಡಿಸಿ ನೋಡೋಣ. ಅವರು ಕೊಡುವುದು 2 ಲಕ್ಷ. ನೀವು ಓದು ಮುಗಿಸುವ ಹೊತ್ತಿಗೆ ಬೇರೆ ಆಸ್ಪತ್ರೆಯೊಂದು ನಿಮಗೆ 20,000 ಕೊಡಲು ಸಿದ್ಧವಿದೆ ಎಂದಿಟ್ಟುಕೊಳ್ಳಿ. ಕರಾರಿನ ಸಂಬಳ 14,000. ತಿಂಗಳಿಗೆ 6,000ದ ಕೊರತೆ, 36 ತಿಂಗಳಿಗೆ 2,16,000 ರೂಪಾಯಿ. ಅವರು ಕೊಟ್ಟದ್ದಷ್ಟನ್ನೂ ನೀವು ಸಂಬಳದ ರೂಪದಲ್ಲೇ ತೀರಿಸಿರುತ್ತೀರಿ. ಅದರ ಮೇಲೆ ಮೂರು ವರ್ಷ ಸರ್ಕಾರಿ ನೇಮಕಾತಿ, ಉನ್ನತ ಓದು, ಬೇರೆ ಊರಿನ ಅವಕಾಶ ಯಾವುದಕ್ಕೂ ಕೈಚಾಚುವ ಸ್ವಾತಂತ್ರ್ಯ ಇರುವುದಿಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ತಜ್ಞರ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ಕೂಡ ನರ್ಸ್‌ಗಳ ವೇತನ 20,000ಕ್ಕಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ತಾನಾಗಿಯೇ ಕಾನೂನಾಗುವುದಿಲ್ಲ, ಅದನ್ನು ಪಾಲಿಸದ ಆಸ್ಪತ್ರೆಗಳು ಹೇರಳವಾಗಿವೆ. ಆದರೂ ಅಷ್ಟು ಹಿಂದೆ ಕನಿಷ್ಠವೆಂದು ಹೇಳಿದ ಮೊತ್ತಕ್ಕಿಂತ 6,000 ಕಡಿಮೆ ಸಂಬಳಕ್ಕೆ ನಾಳಿನ ಮೂರು ವರ್ಷಗಳನ್ನು ಇಂದೇ ಬರೆದುಕೊಡುವುದು ಏನೆಂದು ಅದರಿಂದ ತಿಳಿಯುತ್ತದೆ.

ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಒತ್ತೆಯಾಗಿ ಕೊಡಬೇಡಿ. ಕಾಲೇಜುಗಳು ಪರಿಶೀಲನೆಯ ಬಳಿಕ ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿದೆ. ಕಾಲೇಜಿಗೇ ಇಲ್ಲದ ಹಕ್ಕು ಭಾವೀ ಉದ್ಯೋಗದಾತರಿಗೆ ಹೇಗೆ ಬಂದೀತು? ಈಗಾಗಲೇ ಏನಾದರೂ ಸಹಿ ಮಾಡಿದ್ದರೆ ಗಾಬರಿಯಾಗಬೇಡಿ. ಕರಾರು ಮುರಿದರೆ ಐದು ಲಕ್ಷ, ಹತ್ತು ಲಕ್ಷ ದಂಡವೆಂದು ಬರೆಸಿಕೊಂಡಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಆ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ. ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರವನ್ನು ಮಾತ್ರ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಉಚಿತ ಸಲಹೆ ದೊರೆಯುತ್ತದೆ, ಆ ಕಾಗದವನ್ನು ಅಲ್ಲಿ ತೋರಿಸಿ.

ಹಾಗಾದರೆ ಹಣ ಎಲ್ಲಿಂದ ಎಂದು ಕೇಳುತ್ತೀರಿ. ಮೊದಲು, ನಿಮಗೆ ಬರಬೇಕಾಗಿದ್ದೂ ಬಾರದೆ ಉಳಿದಿರುವ ವಿದ್ಯಾರ್ಥಿವೇತನ ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆ ಮಾಡಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವ ತಾಣದಲ್ಲಿ, ನಿಮ್ಮ ಅರ್ಜಿಯ ಸ್ಥಿತಿ ತೆರೆದು ನೋಡಿ. ಅರ್ಜಿ ನಿಲ್ಲುವ ಕಡೆಗಳು ಹೆಚ್ಚಿಲ್ಲ. ನಿಮ್ಮ ದಾಖಲೆಗಳ ಇ-ದೃಢೀಕರಣವನ್ನು ಕಾಲೇಜಿನವರು ಮಾಡದೆ ಬಿಟ್ಟಿರಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ತಡವಾಗಿ ಬಂದದ್ದರಿಂದ ಅರ್ಜಿಯಲ್ಲಿ ಅದು ಸರಿಯಾಗಿ ಸೇರಿರದಿರಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಿರಬಹುದು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಮುಗಿದಿರಬಹುದು. ಇವೆಲ್ಲ ಸರಿಯಿದ್ದೂ ಹಣ ಬಾರದಿದ್ದರೆ ಬ್ಯಾಂಕ್ ಖಾತೆಯ ಆಧಾರ್ ಜೋಡಣೆ ನೋಡಿ. ಸರ್ಕಾರದ ನೇರ ವರ್ಗಾವಣೆಯ ಹಣ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ನೀವು ಅರ್ಜಿಯಲ್ಲಿ ಬಯಸಿದ ಖಾತೆಗೇ ಹೋಗಬೇಕೆಂದಿಲ್ಲ. ಬೆಂಗಳೂರಿಗೆ ಬಂದಾಗ ಕಾಲೇಜಿನ ಸಲುವಾಗಿ ತೆರೆದ ಹೊಸ ಖಾತೆಗೆ ಜೋಡಣೆಯಾಗಿ, ಆಮೇಲೆ ಶಿಲ್ಕಿಲ್ಲದೆ ಆ ಖಾತೆ ನಿಷ್ಕ್ರಿಯವಾಗಿ, ಹಣ ವಾಪಸ್ಸಾದ ಪ್ರಕರಣಗಳನ್ನು ನಾನೇ ಕೂತು ಬಿಡಿಸಿದ್ದೇನೆ. ಕಾಲೇಜಿನ ಗುಮಾಸ್ತರು ‘ಸರ್ಕಾರದಿಂದ ಬಂದಿಲ್ಲ’ ಎಂದರೆ ಅದನ್ನೇ ಕೊನೆಯ ಮಾತೆಂದು ಒಪ್ಪಿಕೊಂಡು ಹಿಂದಿರುಗಬೇಡಿ. ಜಿಲ್ಲೆಯ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗೆ ಅರ್ಜಿ ಸಂಖ್ಯೆಯೊಂದಿಗೆ ಹೋಗಿ.

ಅದೇ ಪೋರ್ಟಲ್‌ನಲ್ಲಿ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಇಲ್ಲದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಯೋಜನೆಯಡಿ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಕೊಡುವ ವ್ಯವಸ್ಥೆಯಿದೆ. ಬೆಂಗಳೂರಿನ ಮೆಸ್ ಬಿಲ್ಲಿನ ಮುಂದೆ ಅದು ಸಣ್ಣ ಮೊತ್ತವೇ. ಅದಕ್ಕಿಂತ ದೊಡ್ಡ ಉಳಿತಾಯವಾಗುವುದು ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ ಸೀಟು ಸಿಕ್ಕಿದರೆ. ಅಲ್ಲಿ ಊಟ, ವಸತಿ ಉಚಿತ. ಕಾಲೇಜಿನವರು ತಮ್ಮ ಹಾಸ್ಟೆಲ್‌ನಲ್ಲೇ ಇರಬೇಕೆಂದು ಒತ್ತಾಯಿಸುವುದುಂಟು, ಡ್ಯೂಟಿಯ ವೇಳೆಗೂ ಸರ್ಕಾರಿ ಹಾಸ್ಟೆಲ್‌ನ ಗೇಟಿನ ವೇಳೆಗೂ ಹೊಂದುವುದಿಲ್ಲವೆಂಬ ತಕರಾರೂ ಬರುತ್ತದೆ. ಪ್ರಾಂಶುಪಾಲರಿಂದ ಡ್ಯೂಟಿ ಪಟ್ಟಿಯ ಪ್ರತಿ ಪಡೆದು ವಾರ್ಡನ್‌ಗೆ ಕೊಟ್ಟರೆ ಹೆಚ್ಚಿನ ಕಡೆ ದಾರಿಯಾಗುತ್ತದೆ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ‘ರೈತ ವಿದ್ಯಾನಿಧಿ’ಯಲ್ಲಿ ನರ್ಸಿಂಗ್‌ನಂಥ ವೃತ್ತಿಪರ ಕೋರ್ಸಿನ ವಿದ್ಯಾರ್ಥಿನಿಗೆ ವರ್ಷಕ್ಕೆ 8,000 ರೂಪಾಯಿ ನಿಗದಿಯಾಗಿತ್ತು. ಅದಕ್ಕೆ ಅಪ್ಪನ ಹೊಲ, ರೈತರ ಜಮೀನಿನ ವಿವರ ದಾಖಲಿಸುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿಯಾಗಿ ಗುರುತಿನ ಸಂಖ್ಯೆ ಸಿಕ್ಕಿರಬೇಕು. ಅದಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಈ ವರ್ಷದ ಮಂಜೂರಾತಿಯ ಸ್ಥಿತಿಯನ್ನೂ ಅಲ್ಲೇ ಕೇಳಿ.

ಕೈಸಾಲವನ್ನು ಕಳಚುವ ನಿಜವಾದ ಸಾಧನ ‘ಅರಿವು’. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಈ ಯೋಜನೆಯಲ್ಲಿ ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಶೇಕಡಾ 2ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ನೀವು ಏಜೆಂಟರ ಮೂಲಕ ಹೋಗದೆ ಕೆಇಎ ಸೀಟಿಗೆ ಕಾದಿದ್ದು ಇಲ್ಲಿ ಫಲ ಕೊಡುತ್ತದೆ. ನಿಗಮದ ಜಿಲ್ಲಾ ಕಚೇರಿಯಲ್ಲಿ ನಿಮ್ಮ ಕೋರ್ಸ್ ಈ ವರ್ಷದ ಪಟ್ಟಿಯಲ್ಲಿದೆಯೆಂದು ಖಚಿತಪಡಿಸಿಕೊಂಡು, ಅರ್ಜಿ ಕರೆದ ವಾರದಲ್ಲೇ ಹಾಕಿ. ಕೊನೆಯ ದಿನ ಸರ್ವರ್ ನಿಂತಿತೆಂಬ ಮಾತನ್ನು ನಾನು ಪ್ರತಿ ವರ್ಷ ಕೇಳಿದ್ದೇನೆ.

ಅದು ಸಾಲದಿದ್ದರೆ ಬ್ಯಾಂಕ್. ಕೋರ್ಸಿನ ಮಧ್ಯದಲ್ಲೂ ಉಳಿದ ವರ್ಷಗಳಿಗೆ ಶಿಕ್ಷಣ ಸಾಲ ಕೇಳಬಹುದು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿಮ್ಮ ಊರಿನ ಶಾಖೆಯನ್ನು ಆರಿಸಿಕೊಳ್ಳಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷದವರೆಗಿನ ಸಾಲಕ್ಕೆ ಹೊಲ, ಮನೆಯ ಅಡಮಾನ ಬೇಕಿಲ್ಲ, ಪೋಷಕರು ಸಹಸಾಲಗಾರರಾದರೆ ಸಾಕು. 7.5 ಲಕ್ಷದವರೆಗಿನದಕ್ಕೆ ಕೇಂದ್ರದ ಸಾಲ ಖಾತರಿ ನಿಧಿಯ ಆಸರೆಯಿದೆ. ಅಡಮಾನವಿಲ್ಲದೆ ಆಗುವುದಿಲ್ಲವೆಂದು ವ್ಯವಸ್ಥಾಪಕರು ಬಾಯಿಮಾತಿನಲ್ಲಿ ಹೇಳಿದರೆ, ತಿರಸ್ಕಾರದ ಕಾರಣವನ್ನು ಬರೆದುಕೊಡಿ ಎಂದು ವಿನಯದಿಂದ ಕೇಳಿ. ಅಷ್ಟಕ್ಕೇ ಮಾತಿನ ಧಾಟಿ ಬದಲಾಗುವುದನ್ನು ನೀವೇ ನೋಡುತ್ತೀರಿ. ಆದರೆ ಒಂದು ವಿಷಯ ಮೊದಲೇ ತಿಳಿದುಕೊಳ್ಳಿ: ಅಪ್ಪನ ಬೆಳೆಸಾಲ ಸುಸ್ತಿಯಾಗಿದ್ದರೆ ಸಹಸಾಲಗಾರರ ಸಾಲದ ಇತಿಹಾಸದಲ್ಲಿ ಅದು ಕಾಣುತ್ತದೆ, ಅರ್ಜಿ ಅಲ್ಲೇ ಬೀಳುತ್ತದೆ. ಹಾಗಿದ್ದರೆ ಸುಸ್ತಿ ತೀರಿಸಿ ನವೀಕರಿಸಿಕೊಂಡೇ ಬ್ಯಾಂಕಿಗೆ ಹೋಗಿ. ಈ ಸಾಲ ಹಾಸ್ಟೆಲ್, ಮೆಸ್, ಪುಸ್ತಕ, ಸಮವಸ್ತ್ರಗಳಿಗೂ ಅನ್ವಯಿಸುತ್ತದೆಂಬುದು ಅನೇಕರಿಗೆ ತಿಳಿದಿಲ್ಲ. ಶುಲ್ಕದ ಪಟ್ಟಿಯಲ್ಲಿ ಅವನ್ನೂ ಕಾಲೇಜಿನಿಂದ ಬರೆಸಿಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದರೆ, ಓದಿನ ಅವಧಿ ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆಯಿದೆ, ಆದರೆ ಕಾಲೇಜಿಗೆ ಸೂಕ್ತ ಮಾನ್ಯತೆಯ ಶ್ರೇಣಿ ಇರಬೇಕು. ನಿಮ್ಮ ಕಾಲೇಜಿಗೆ ಅದಿದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ. ಮುಂದಿನ ಕಂತಿನ ಅಂದಾಜಿಗೆ ಹೇಳುವುದಾದರೆ, 3 ಲಕ್ಷವನ್ನು ಶೇಕಡಾ 10ರಂತೆ ಹತ್ತು ವರ್ಷಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 3,965 ರೂಪಾಯಿ ಬೀಳುತ್ತದೆ. 18,000 ಸಂಬಳದಲ್ಲಿ ಅದು ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಹಗುರವಲ್ಲ, ಹೊರಲಾಗದ್ದೂ ಅಲ್ಲ. ಕೇಂದ್ರದ ಏಮ್ಸ್ ಸಂಸ್ಥೆಗಳ ಶುಶ್ರೂಷಾಧಿಕಾರಿಯ ಆರಂಭಿಕ ಮೂಲವೇತನ 44,900 ರೂಪಾಯಿ ಎಂಬುದನ್ನೂ, ಅದಕ್ಕೆ ನಡೆಯುವ ನಾರ್‌ಸೆಟ್ ಪರೀಕ್ಷೆಯ ಬಾಗಿಲು ಪದವಿ ಮುಗಿಸಿದವರಿಗೆ ತೆರೆದಿರುತ್ತದೆಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಾಲ್ ಟಿಕೆಟ್ ವಿಷಯದಲ್ಲಿ ಇದೇ ವಾರ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ. ಎಸ್‌ಎಸ್‌ಪಿ ಅರ್ಜಿಯ ಸ್ವೀಕೃತಿಯ ಪ್ರತಿ ಲಗತ್ತಿಸಿ, ಬಾಕಿ ಎಷ್ಟೆಂದು ಬರೆದು, ಈಗ ಕೊಡಬಲ್ಲ ಸಣ್ಣ ಮೊತ್ತ ಇಷ್ಟು, ಉಳಿದದ್ದು ಫಸಲು ಬಂದ ಮೇಲೆ ಇಂಥ ತಿಂಗಳಲ್ಲಿ ಎಂದು ಎರಡು ಕಂತುಗಳನ್ನು ನೀವೇ ಸೂಚಿಸಿ. ಸ್ವೀಕೃತಿಯ ಸಹಿ, ಮೊಹರು ಪಡೆಯಿರಿ. ಬಾಗಿಲ ಬಳಿ ಅತ್ತು ಬೇಡಿದವರನ್ನು ನಾಳೆ ಬಾ ಎಂದು ಕಳುಹಿಸಿದ ಆಡಳಿತ ಮಂಡಳಿಯೇ ದಿನಾಂಕವಿರುವ ಕಾಗದದ ಮುಂದೆ ಮೆತ್ತಗಾದದ್ದನ್ನು ನಾನು ಕಂಡಿದ್ದೇನೆ. ಆಗದಿದ್ದರೆ ಅದೇ ಕಾಗದ ವಿಶ್ವವಿದ್ಯಾಲಯಕ್ಕೆ ದೂರು ಕೊಡಲು ಆಧಾರವಾಗುತ್ತದೆ. ಹಾಗೆಯೇ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಮನೋವೈದ್ಯಕೀಯ ಪೋಸ್ಟಿಂಗ್‌ಗೆ ನಿಮ್ಹಾನ್ಸ್‌ನಂಥ ಹೊರಗಿನ ಸಂಸ್ಥೆಗೆ ಕಳುಹಿಸುವಾಗ, ಸಮುದಾಯ ಆರೋಗ್ಯ ಪೋಸ್ಟಿಂಗ್‌ನ ಬಸ್ಸಿಗೆ, ರೆಕಾರ್ಡ್ ಬುಕ್ಕಿಗೆ, ದೀಪ ಬೆಳಗುವ ಸಮಾರಂಭಕ್ಕೆ, ಶೈಕ್ಷಣಿಕ ಪ್ರವಾಸಕ್ಕೆ ಎಂದು ಬಿಡಿಬಿಡಿಯಾಗಿ ಕೇಳುವ ಹಣ ವರ್ಷದ ಕೊನೆಗೆ ಕೂಡಿಸಿದರೆ ಬೆಚ್ಚಿಬೀಳುವಷ್ಟಾಗುತ್ತದೆ. ನಿಗದಿತ ಶುಲ್ಕದ ಆಚೆಗಿನ ವಸೂಲಿಯನ್ನು ತಡೆಯಲೆಂದೇ ರಾಜ್ಯದಲ್ಲಿ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯಿದೆ. ರಸೀದಿಯಿಲ್ಲದೆ ಆ ಕಾಯ್ದೆಯ ಹೆಸರು ಹೇಳಿ ಏನೂ ಸಾಧಿಸಲಾಗದು.

ಇನ್ನೊಂದು ಮಾತು, ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ. ಮೆಸ್ ಬಾಕಿಯ ಸಂಕೋಚಕ್ಕೆ ಬೆಳಗಿನ ತಿಂಡಿ ಬಿಟ್ಟು ವಾರ್ಡಿಗೆ ಬಂದು, ಆಪರೇಷನ್ ಥಿಯೇಟರ್‌ನಲ್ಲಿ ನಿಂತಲ್ಲೇ ಕುಸಿದ ಹುಡುಗಿಯರನ್ನು ನಾನು ಎತ್ತಿ ಕೂರಿಸಿದ್ದೇನೆ. ಕೇಳಿದಾಗ ರಕ್ತ ನೋಡಿ ತಲೆ ಸುತ್ತಿತು ಎನ್ನುತ್ತಿದ್ದರು. ನೀವು ಹಾಗೆ ಮಾಡಬೇಡಿ. ನಿಮ್ಮ ಕ್ಲಾಸ್ ಟೀಚರ್ ಬಳಿ ಇರುವ ಸ್ಥಿತಿಯನ್ನು ಇರುವಂತೆಯೇ ಹೇಳಿ. ಹಳೆಯ ಪುಸ್ತಕ, ಹಿರಿಯ ವಿದ್ಯಾರ್ಥಿನಿಯರ ಸಮವಸ್ತ್ರ, ಕೆಲವೊಮ್ಮೆ ಪರೀಕ್ಷಾ ಶುಲ್ಕವೂ ಹಾಗೆ ಹೇಳಿಕೊಂಡವರಿಗೆ ಒದಗಿದೆ.

ಎಲ್ಲ ಪ್ರಯತ್ನದ ಮೇಲೂ ಒಂದು ಸೆಮಿಸ್ಟರ್ ತಪ್ಪಿದರೆ ಪದವಿಯೇ ಹೋಯಿತೆಂದು ತಿಳಿಯಬೇಡಿ. ನಾಲ್ಕು ವರ್ಷದ ಈ ಕೋರ್ಸನ್ನು ಗರಿಷ್ಠ ಎಂಟು ವರ್ಷದೊಳಗೆ ಮುಗಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ವರ್ಷ ತಪ್ಪಿದರೆ ವಿದ್ಯಾರ್ಥಿವೇತನ ಮತ್ತು ಅರಿವು ಸಾಲದ ನವೀಕರಣಕ್ಕೆ ತೊಡಕಾಗುವುದರಿಂದ ಅದನ್ನು ಕೊನೆಯ ಆಯ್ಕೆಯಾಗಿ ಮಾತ್ರ ಇಟ್ಟುಕೊಳ್ಳಿ.

ತಂಗಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯ ಮೇಲಿನ ಭಾರ ಇಮ್ಮಡಿಯಾಗುವುದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಆಕೆ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದರೆ ನೀಟ್ ಬರೆಯಲಿ. ಸೇನೆಯ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಬಿ.ಎಸ್ಸಿ. ನರ್ಸಿಂಗ್‌ಗೆ ಈಗ ನೀಟ್ ಅಂಕಗಳ ಆಧಾರದಲ್ಲೇ ಆಯ್ಕೆ ನಡೆಯುತ್ತದೆ. ದೇಶದ ಆರು ಕಾಲೇಜುಗಳಲ್ಲಿ ಒಟ್ಟು 220 ಸೀಟುಗಳಿದ್ದು, ಅವುಗಳಲ್ಲಿ 40 ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲೇ ಇವೆ. ಅವಿವಾಹಿತ ಯುವತಿಯರಿಗೆ ಮೀಸಲಾದ ಈ ತರಬೇತಿಯಲ್ಲಿ ವಸತಿ, ಊಟದ ಖರ್ಚಿಲ್ಲ, ಸಮವಸ್ತ್ರಕ್ಕೆ ಭತ್ಯೆ ಮತ್ತು ತಿಂಗಳ ಶಿಷ್ಯವೇತನವಿದೆ, ಮುಗಿಸಿದವರಿಗೆ ಅಧಿಕಾರಿಯ ಹುದ್ದೆ. ಸೇವೆಯ ಕರಾರು ಇಲ್ಲಿಯೂ ಉಂಟು, ಆದರೆ ಅದು ಸರ್ಕಾರದ ವೇತನ ಶ್ರೇಣಿಯಲ್ಲಿನ ಸೇವೆ. ಸ್ಪರ್ಧೆ ಕಠಿಣವಾಗಿರುವುದರಿಂದ ಅದೊಂದನ್ನೇ ನಂಬದೆ, ಕೆಇಎ ಆಯ್ಕೆ ಪಟ್ಟಿಯಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜುಗಳನ್ನು, ಎಷ್ಟೇ ದೂರದ ಊರಿನವಾದರೂ, ಮೊದಲು ತುಂಬಲಿ. ಜಿಎನ್‌ಎಂ, ಅಂದರೆ ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಆರೈಕೆಯ ಡಿಪ್ಲೊಮಾ, ಓದಲು ವಿಜ್ಞಾನವೇ ಆಗಬೇಕೆಂದಿಲ್ಲ, ಮೂರು ವರ್ಷದಲ್ಲಿ ಮುಗಿಯುತ್ತದೆ, ಮುಂದೆ ದುಡಿಯುತ್ತಲೇ ಹಣ ಕೂಡಿಸಿ ಡಿಪ್ಲೊಮಾ ಮುಗಿಸಿದವರಿಗಿರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳಬಹುದು ಎಂಬುದನ್ನೂ ಆಕೆಗೆ ತಿಳಿಸಿ. ನೀಟ್ ಅರ್ಜಿ ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಚ್ಚಿಹೋಗುತ್ತದೆ. ಆ ದಿನಾಂಕವನ್ನು ನೋಡಿಕೊಂಡು ತಂಗಿಗೆ ನೆನಪಿಸುವ ಹೊಣೆ ನಿಮ್ಮದಾಗಿರಲಿ.